ಭೋಂಗಾ ಕೂಗದ ಸೋಮವಾರ

ಕಳೆದ ತಿಂಗಳು ಒಂದು ರಾತ್ರಿ ಪುಣೆಯಿಂದ ಅಕ್ಕನ ಮಗನ ಫೋನು. ಊಟ ಮುಗಿಸಿ ಟಿವಿ ಮುಂದೆ ಕೂತಿದ್ದೆ. "ಮಾವ, ನಿಮ್ಮ ಹತ್ರ ಒಂದು ವಿಷಯ ಹೇಳ್ಬೇಕು, ಅಮ್ಮನಿಗೆ ಹೇಳ್ಬೇಡಿ" ಅಂದ. ನಲವತ್ತೆರಡು ವರ್ಷದವನು ಅಮ್ಮನಿಗೆ ಹೇಳಬೇಡಿ ಅಂದರೆ ವಿಷಯ ಸಣ್ಣದಲ್ಲ ಅಂತ ಗೊತ್ತಾಯಿತು. ಕಂಪನಿಯಿಂದ ಒಂದು ಮೇಲ್ ಬಂತಂತೆ, ಹದಿನಾಲ್ಕು ವರ್ಷದ ಕೆಲಸ ಮುಗಿಯಿತಂತೆ. ಅದಾಗಿ ಹತ್ತು ದಿನ ಆಗಿತ್ತು. ಹತ್ತೂ ದಿನ ಬೆಳಿಗ್ಗೆ ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿಕೊಂಡು ಮನೆ ಬಿಟ್ಟು, ಎಲ್ಲೆಲ್ಲೋ ಕೂತು, ಸಂಜೆ ವಾಪಸು ಬರುತ್ತಿದ್ದನಂತೆ. ಹೆಂಡತಿಗೂ ಗೊತ್ತಿಲ್ಲ!

ಏನು ಹೇಳುವುದು? ಆ ಹೊತ್ತಿಗೆ ಏನೋ ಸಮಾಧಾನದ ಮಾತಾಡಿ ಫೋನಿಟ್ಟೆ. ಆದರೆ ರಾತ್ರಿ ನಿದ್ದೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಲೋವರ್ ಪರೇಲಿನ ಒಂದು ಗಿರಣಿಯ ಗೇಟು, ಅದರ ಮುಂದೆ ಊಟದ ಡಬ್ಬಿ ಹಿಡಿದು ನಿಂತ ಸಾಲು... ಅವನಿಗೆ ಆವತ್ತು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ಸ್ವಲ್ಪ ನನ್ನ ಕಥೆ ಇದೆ, ಹೆಚ್ಚಿನದು ಈ ಊರಿನ ಇತಿಹಾಸ.

ನಾನು ಮುಂಬಯಿಗೆ ಬಂದದ್ದು 1970ರಲ್ಲಿ. ಹದಿನೈದು ವರ್ಷ. ಲಾಲ್‌ಬಾಗಿನಲ್ಲಿ ಸೋದರಮಾವನ ಸಣ್ಣ ಹೋಟೆಲು. ಹಗಲು ಅಲ್ಲಿ ಗ್ಲಾಸು ತೊಳೆಯುವುದು, ರಾತ್ರಿ ಕನ್ನಡ ರಾತ್ರಿಶಾಲೆ. ಆ ಕಾಲದಲ್ಲಿ ಬಂದ ನಮ್ಮ ಕಡೆಯವರಲ್ಲಿ ಹೆಚ್ಚಿನವರದ್ದು ಇದೇ ಚರಿತ್ರೆ, ಹೊಸದೇನಲ್ಲ. ಎಸ್ಸೆಸ್ಸೆಲ್ಸಿ ಆಯಿತು, ಟೈಪಿಂಗ್ ಆಯಿತು, 1976ರಲ್ಲಿ ಒಂದು ಗಿರಣಿಯ ಟೈಮ್ ಆಫೀಸಿನಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಯಾರು ಬಂದರು, ಯಾರು ಬರಲಿಲ್ಲ ಅಂತ ಹಾಜರಿ ಪುಸ್ತಕದಲ್ಲಿ ಬರೆಯುವುದೇ ನನ್ನ ಕೆಲಸ. ಊರಿಗೆ ಕಾಗದ ಬರೆದೆ. ಅಮ್ಮ ದೇವಸ್ಥಾನದಲ್ಲಿ ಹೂವಿನ ಪೂಜೆ ಮಾಡಿಸಿದರು. ಗಿರಣಿಯ ಕೆಲಸವೆಂದರೆ ಆಗ ಸರಕಾರಿ ಕೆಲಸದ ತಮ್ಮನಿದ್ದ ಹಾಗೆ. ಇವತ್ತಿದ್ದು ನಾಳೆ ಇರುವುದಿಲ್ಲ ಅಂತ ಯಾರೂ ಎಣಿಸಿರಲಿಲ್ಲ.

ಎಣಿಸುವುದಾದರೂ ಹೇಗೆ? ಮುಂಬಯಿಯ ಮೊದಲ ಹತ್ತಿ ಗಿರಣಿಯನ್ನು ಕಾವಸ್‌ಜಿ ದಾವರ್ ಎಂಬ ಪಾರ್ಸಿ 1854ರಲ್ಲಿ ತಾರ್‌ದೇವ್‌ನಲ್ಲಿ ಶುರುಮಾಡಿದ್ದು. ಅಲ್ಲಿಂದ ನೂರು ವರ್ಷದಲ್ಲಿ ಭಾಯಖಳಾ, ಲಾಲ್‌ಬಾಗ್, ಪರೇಲ್, ವರ್ಲಿ, ಎಲ್ಲಿ ನೋಡಿದರೂ ಚಿಮಣಿ. ಅದಕ್ಕೆ ಗಿರಣಗಾಂವ್ ಅಂತಲೇ ಹೆಸರು. ಕೊಂಕಣದವರು, ಸಾತಾರಾ, ಕೊಲ್ಹಾಪುರದವರು, ನಮ್ಮ ಬೆಳಗಾವಿ ಕಡೆಯವರು, ಮಗ್ಗದ ಕೆಲಸ ಬಲ್ಲ ತೆಲುಗು ಪದ್ಮಸಾಲಿಗಳು, ಉತ್ತರದ ಭಯ್ಯಾಗಳು ಎಲ್ಲರೂ ಅಲ್ಲಿದ್ದರು. ಮೂರು ಪಾಳಿ. ಗಡಿಯಾರ ಯಾರಿಗೂ ಬೇಕಿರಲಿಲ್ಲ, ಗಿರಣಿಯ ಭೋಂಗಾ ಕೂಗಿದರೆ ಏಳುವುದು, ಭೋಂಗಾ ಕೂಗಿದರೆ ಊಟ.

ನಮ್ಮ ಖೋಲಿಯಲ್ಲಿ ಎಂಟು ಜನ. ಪಾಳಿ ಬೇರೆ ಬೇರೆಯಾದ್ದರಿಂದ ಒಂದೇ ಚಾಪೆಯಲ್ಲಿ ಒಬ್ಬ ಎದ್ದಾಗ ಇನ್ನೊಬ್ಬ ಮಲಗುತ್ತಿದ್ದ. ಅವರಲ್ಲಿ ಬೆಳಗಾವಿ ಕಡೆಯ ಒಬ್ಬರಿದ್ದರು, ನಾವೆಲ್ಲ ಕಾಕಾ ಅಂತಿದ್ದೆವು. ಇಪ್ಪತ್ತರ ಪ್ರಾಯದಲ್ಲಿ, 1960ರಲ್ಲಿ ಬಂದವರು. ಐದು ವರ್ಷ ಬದಲಿಯಾಗಿ ದುಡಿದು ಆಮೇಲೆ ಸಾಂಚಾ ಖಾತೆಯಲ್ಲಿ, ಅಂದರೆ ಮಗ್ಗದ ವಿಭಾಗದಲ್ಲಿ ಕಾಯಂ ಆದವರು. ಬದಲಿ ಅಂದರೆ ಏನು ಅಂತ ಇವತ್ತಿನವರಿಗೆ ಹೇಳಬೇಕು. ದಿನಾ ಬೆಳಿಗ್ಗೆ ಗೇಟಿನ ಮುಂದೆ ನಿಲ್ಲುವುದು. ಕಾಯಂ ಆದವನು ಯಾರಾದರೂ ರಜೆ ಹಾಕಿದ್ದರೆ ಅವನ ಜಾಗಕ್ಕೆ ಆ ದಿನದ ಮಟ್ಟಿಗೆ ಕರೆಯುತ್ತಾರೆ, ಇಲ್ಲದಿದ್ದರೆ ಮನೆಗೆ. ತಿಂಗಳಲ್ಲಿ ಹತ್ತು ದಿನ ಸಿಕ್ಕರೂ ಸಿಕ್ಕಿತು, ಇಪ್ಪತ್ತು ಸಿಕ್ಕರೂ ಸಿಕ್ಕಿತು. ಹಾಗೆ ಹತ್ತು ಹದಿನೈದು ವರ್ಷ ನಿಂತವರೂ ಇದ್ದರು.

1981ರ ದೀಪಾವಳಿಯ ಬೋನಸ್ಸಿನ ಜಗಳದಿಂದ ಎಲ್ಲ ಶುರುವಾಯಿತು. ಗಿರಣಿಗಳಲ್ಲಿ ಮಾನ್ಯತೆ ಇದ್ದದ್ದು ಒಂದೇ ಯೂನಿಯನ್ನಿಗೆ, ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘಕ್ಕೆ. 1946ರ ಬಾಂಬೆ ಇಂಡಸ್ಟ್ರಿಯಲ್ ರಿಲೇಷನ್ಸ್ ಕಾಯ್ದೆಯ ಪ್ರಕಾರ ಮಾಲಕರು ಮಾತಾಡಬೇಕಾದ್ದು ಅದರ ಜೊತೆ ಮಾತ್ರ. ಆ ಸಂಘ ಒಪ್ಪಿದ ಬೋನಸ್ಸು ಕೆಲಸಗಾರರಿಗೆ ಒಪ್ಪಿಗೆಯಾಗಲಿಲ್ಲ. ಅವರು ಹೋದದ್ದು ಘಾಟ್‌ಕೋಪರಿನ ಡಾಕ್ಟರ್ ದತ್ತಾ ಸಾಮಂತರ ಹತ್ತಿರ. ಅವರು ನಿಜವಾದ ಡಾಕ್ಟರೇ. ಕಲ್ಲು ಕ್ವಾರಿಯ ಕೂಲಿಗಳಿಗೆ ಮದ್ದು ಕೊಡುತ್ತಾ ಕೊಡುತ್ತಾ ಅವರ ಯೂನಿಯನ್ ಕಟ್ಟಿದವರು. ಎಂಜಿನಿಯರಿಂಗ್ ಕಾರ್ಖಾನೆಗಳಲ್ಲಿ ಮುಷ್ಕರ ಮಾಡಿಸಿ ದೊಡ್ಡ ದೊಡ್ಡ ಸಂಬಳ ಏರಿಸಿಕೊಟ್ಟವರು ಅಂತ ಆಗ ಅವರ ಹೆಸರು ಊರೆಲ್ಲ ಕೇಳುತ್ತಿತ್ತು. ಸಂಬಳ ಏರಬೇಕು, ಮನೆ ಬಾಡಿಗೆ ಭತ್ಯೆ ಬೇಕು, ಬದಲಿಗಳನ್ನು ಕಾಯಂ ಮಾಡಬೇಕು, ಆ ಕಾಯ್ದೆಯೇ ಹೋಗಬೇಕು ಎಂಬುದು ಬೇಡಿಕೆ.

1982ರ ಜನವರಿ 18, ಸೋಮವಾರ. ಸುಮಾರು ಅರವತ್ತು ಗಿರಣಿ, ಎರಡೂವರೆ ಲಕ್ಷ ಜನ. ನಮ್ಮ ಗಿರಣಿಯ ಭೋಂಗಾ ಆ ದಿನ ಕೂಗಲಿಲ್ಲ. ಬೆಳಿಗ್ಗೆ ಎದ್ದ ಕಾಕಾ ಬೀಡಿ ಹಚ್ಚಿ ಬಾಗಿಲಲ್ಲಿ ಕೂತು ನಕ್ಕರು. "ತಮ್ಮಾ, ಇಪ್ಪತ್ತೆರಡು ವರ್ಷದಾಗ ಇವತ್ತ ಮೊದಲನೇ ಸಲ ಗುಬ್ಬಿ ಧ್ವನಿ ಕೇಳಸಾಕ್ಹತ್ತೈತಿ ನೋಡು."

ಹದಿನೈದು ದಿನ, ಹೆಚ್ಚೆಂದರೆ ಒಂದು ತಿಂಗಳು ಅಂತ ಎಲ್ಲರ ಲೆಕ್ಕ. ಅದಕ್ಕೂ ಕಾರಣ ಇತ್ತು. ಗಿರಣಿಯವರಿಗೆ ಮುಷ್ಕರ ಹೊಸದಲ್ಲ. 1908ರಲ್ಲಿ ಲೋಕಮಾನ್ಯ ತಿಲಕರಿಗೆ ಆರು ವರ್ಷ ಶಿಕ್ಷೆಯಾದಾಗ ವರ್ಷಕ್ಕೊಂದು ದಿನದಂತೆ ಆರು ದಿನ ಕೆಲಸ ನಿಲ್ಲಿಸಿದವರು ಇವರ ಅಜ್ಜಂದಿರು. 1928ರಲ್ಲಿ ಏಪ್ರಿಲಿನಿಂದ ಅಕ್ಟೋಬರಿನ ತನಕ, ಸುಮಾರು ಆರು ತಿಂಗಳು, ಒಂದೂವರೆ ಲಕ್ಷ ಜನ ಗಿರಣಿ ಮೆಟ್ಟಿಲು ಹತ್ತಿರಲಿಲ್ಲ. ಆಗ ಹೇಗೆ ಬದುಕಿದರು? ಊರಿಗೆ ಹೋದರು. ಮುಂಬಯಿಯ ಗಿರಣಿ ಕೆಲಸಗಾರ ಯಾವತ್ತೂ ಅರ್ಧ ರೈತನೇ. ಹೆಂಡತಿ ಮಕ್ಕಳು ಊರಲ್ಲಿ, ಎರಡೆಕರೆ ಗದ್ದೆ ಊರಲ್ಲಿ, ಇಲ್ಲಿ ಬರೀ ಒಂದು ಟ್ರಂಕು. ಕಷ್ಟ ಬಂದರೆ ಟ್ರಂಕು ಎತ್ತಿಕೊಂಡು ಹೋಗುವುದು, ಬಿತ್ತನೆ ಮಾಡುವುದು, ಗೇಟು ತೆಗೆದಾಗ ಬರುವುದು. ಮನಿಯಾರ್ಡರು ಇಲ್ಲಿಂದ ಅಲ್ಲಿಗೆ ಹೋಗುವ ಬದಲು ಅಕ್ಕಿ ಜೋಳದ ಚೀಲ ಅಲ್ಲಿಂದ ಇಲ್ಲಿಗೆ ಬರುತ್ತದೆ, ಅಷ್ಟೇ!

1982ರಲ್ಲೂ ಹಾಗೇ ಆಯಿತು. ಖೋಲಿಗಳು ಖಾಲಿಯಾದವು. ಉಳಿದವರಿಗೆ ಖಾನಾವಳಿಯೇ ಗತಿ. ಗಿರಣಗಾಂವದಲ್ಲಿ ಸಾವಿರಾರು ಹೆಂಗಸರು ತಮ್ಮ ಸಣ್ಣ ಮನೆಯಲ್ಲೇ ಅಡುಗೆ ಮಾಡಿ ಒಂಟಿ ಗಂಡಸರಿಗೆ ತಿಂಗಳ ಲೆಕ್ಕಕ್ಕೆ ಊಟ ಹಾಕುತ್ತಿದ್ದರು. ಅವರು ಬಡ್ಡಿ ಸಾಹುಕಾರನ ಕೈಯಿಂದ ಬಿಡಿಸಿಕೊಳ್ಳಲಿ ಅಂತ ಪ್ರೇಮಾ ಪುರವ್ 1975ರಲ್ಲೇ ಅನ್ನಪೂರ್ಣಾ ಮಹಿಳಾ ಮಂಡಲ ಕಟ್ಟಿದ್ದರು. ನಮಗೆ ಊಟ ಹಾಕುತ್ತಿದ್ದ ಮಾವಶಿ ನಾಲ್ಕು ತಿಂಗಳು ದುಡ್ಡು ಕೇಳಲಿಲ್ಲ. ಐದನೇ ತಿಂಗಳು ಕಿವಿಯ ಓಲೆ ಇರಲಿಲ್ಲ, ಯಾರೂ ಕೇಳಲಿಲ್ಲ.

ಮಾವನ ಹೋಟೆಲಿನ ಉದ್ರಿ ಪುಸ್ತಕ ಒಂದು ಹೋಗಿ ಮೂರಾಯಿತು. ಗಲ್ಲಾದಲ್ಲಿ ಕೂತು ಮಾವ ದಿನಾ ಬೈಯುತ್ತಿದ್ದರು, "ಮಾರಾಯ, ಹೀಗೆ ಚಾ ಕೊಟ್ರೆ ನಾವು ನಾಳೆ ಉಡುಪಿ ಬಸ್ಸು ಹತ್ತುವುದೇ!" ಬೈದೂ ಬೈದೂ ಕೊಡುತ್ತಿದ್ದರು. ಗಿರಣಿ ನಿಂತರೆ ಗಿರಣಿ ಮಾತ್ರ ನಿಲ್ಲುವುದಿಲ್ಲ ಅಂತ ನನಗೆ ಅಲ್ಲಿ ಅರ್ಥವಾಯಿತು. ಹೋಟೆಲು, ಬೀಡಿ ಅಂಗಡಿ, ಇಸ್ತ್ರಿಯವನು, ತರಕಾರಿಯವಳು, ಎಲ್ಲರ ಗಲ್ಲಾಪೆಟ್ಟಿಗೆಯೂ ಆ ಭೋಂಗಾಕ್ಕೇ ಕಟ್ಟಿಕೊಂಡಿತ್ತು.

ಈ ಸಲ ಲೆಕ್ಕ ತಪ್ಪಿದ್ದು ಎಲ್ಲಿ? ದೂರ ನಿಂತು ನೋಡಿದರೆ ಈಗ ಗೊತ್ತಾಗುತ್ತದೆ. 1928ರಲ್ಲಿ ಗಿರಣಿ ನಿಂತರೆ ಬಟ್ಟೆ ನಿಲ್ಲುತ್ತಿತ್ತು, ಮಾಲಕನಿಗೆ ಏಟು ಬೀಳುತ್ತಿತ್ತು. 1982ರ ಹೊತ್ತಿಗೆ ಭಿವಂಡಿ, ಮಾಲೇಗಾಂವ್, ಇಚಲಕರಂಜಿಯಲ್ಲಿ ಪವರ್‌ಲೂಮುಗಳು ಹಗಲೂ ರಾತ್ರಿ ನಡೆಯುತ್ತಿದ್ದವು. ಗಿರಣಿಗಳ ಗೋದಾಮಿನಲ್ಲಿ ಮಾರಾಟವಾಗದ ಬಟ್ಟೆ ಬಿದ್ದಿತ್ತು. ಎಷ್ಟೋ ಯಂತ್ರಗಳು ಮುದಿಯಾಗಿದ್ದವು. ಗಿರಣಿ ಮುಚ್ಚಿದ್ದರೆ ಕೆಲವು ಮಾಲಕರಿಗೆ ನಷ್ಟಕ್ಕಿಂತ ಲಾಭವೇ ಇತ್ತು. ಸರಕಾರಕ್ಕೂ ಸಾಮಂತರನ್ನು ಗೆಲ್ಲಿಸುವ ಮನಸ್ಸಿರಲಿಲ್ಲ. ಇಲ್ಲಿ ಗೆದ್ದರೆ ನಾಳೆ ಬಂದರಿಗೂ ಬೇರೆ ಕಡೆಗೂ ಹಬ್ಬುತ್ತದೆ ಎಂಬ ಭಯ. ರಾಜ್ಯದಲ್ಲಿ ಅಂತುಳೆ ಹೋಗಿ ಬಾಬಾಸಾಹೇಬ್ ಭೋಸಲೆ ಮುಖ್ಯಮಂತ್ರಿಯಾದದ್ದೂ ಅದೇ ಜನವರಿಯಲ್ಲಿ. ಆಗಸ್ಟ್ 18ಕ್ಕೆ ಪೊಲೀಸರೇ ಬಂಡೆದ್ದರು, ಪರೇಲ್ ವರ್ಲಿ ಹೊತ್ತಿ ಉರಿಯಿತು, ಸೈನ್ಯ ಬಂತು. ಗೇಟು ಮಾತ್ರ ತೆರೆಯಲಿಲ್ಲ.

ಊರಿನ ಎರಡೆಕರೆ ಗದ್ದೆ ಇದ್ದದ್ದರಿಂದಲೇ ಅಷ್ಟು ಉದ್ದ ಹೋರಾಡಲು ಆಯಿತು. ಆದರೆ ಅಜ್ಜನ ಎರಡೆಕರೆ ಮೊಮ್ಮಗನ ಕಾಲಕ್ಕೆ ಅರ್ಧ ಎಕರೆಯಾಗಿತ್ತು. ಹಿಂದಿನ ಸಲ ಕಾಪಾಡಿದ್ದು ಈ ಸಲವೂ ಕಾಪಾಡುತ್ತದೆ ಅಂತ ನಂಬಿದ್ದೇ ಎಡವಟ್ಟಾಯಿತೋ ಏನೋ. ನಾನು ಕೆಲಸಗಾರರನ್ನು ದೂರುತ್ತಿಲ್ಲ. ಅವರ ಕೈಯಲ್ಲಿದ್ದ ಅನುಭವದ ಲೆಕ್ಕ ಸರಿಯೇ ಇತ್ತು, ಕಾಲ ಬೇರೆಯಾಗಿತ್ತು.

ಆ ವರ್ಷ ಗಂಡಸರು ಗೇಟು ತೆಗೆಯುವುದನ್ನು ಕಾಯುತ್ತಿದ್ದರೆ ಮನೆ ನಡೆಸಿದವರು ಹೆಂಗಸರು. ಹಪ್ಪಳ ಲಟ್ಟಿಸಿದರು, ಸಿದ್ಧ ಉಡುಪಿನ ಗುಂಡಿ ಹೊಲಿದರು, ದಾದರಿನ ಫ್ಲ್ಯಾಟುಗಳಲ್ಲಿ ಪಾತ್ರೆ ತೊಳೆದರು. ಗಂಡಸರಲ್ಲೂ ಮೊದಲು ಬೇಗ ಎದ್ದು ನಿಂತವರು "ನಾನು ಸಾಂಚಾ ಖಾತೆಯವನು" ಎಂಬ ಬಿಗುಮಾನವನ್ನು ಪಕ್ಕಕ್ಕಿಟ್ಟವರು. ತರಕಾರಿ ಗಾಡಿ, ವಾಚ್‌ಮನ್ ಕೆಲಸ, ಕೆಲವರು ಭಿವಂಡಿಯ ಪವರ್‌ಲೂಮಿಗೇ ಹೋದರು. ಅಲ್ಲಿ ದುಡಿತ ಹೆಚ್ಚು, ಕೂಲಿ ಕಮ್ಮಿ, ಪಿಎಫ್ ಇಲ್ಲ. ಎದ್ದು ನಿಂತರು ಅಂತ ಬರೆದೆ, ಆದರೆ ಮೊದಲಿನ ಎತ್ತರಕ್ಕೆ ಅಲ್ಲ. ಇದನ್ನು ಮುಚ್ಚಿಡಬಾರದು.

ಈಗ ನನ್ನ ಪಾಲಿನ ಕಥೆ.

1983ರ ಶುರುವಿನಲ್ಲಿ ಗಿರಣಿಗಳು ಒಂದೊಂದಾಗಿ ಅರ್ಧಂಬರ್ಧ ತೆರೆಯತೊಡಗಿದವು. ಟೈಮ್ ಆಫೀಸಿನವರನ್ನು ಮೊದಲೇ ಕರೆಸಿದರು. ನಾನು ಹೋದೆ. ಹೋಗಬಾರದಿತ್ತು ಅಂತ ಕೆಲವರು ಆಗ ಮುಖ ತಿರುಗಿಸಿದರು. ಆದರೆ ಊರಿನಲ್ಲಿ ತಂಗಿಯ ಮದುವೆ ನಿಶ್ಚಯವಾಗಿತ್ತು, ಹೋದೆ. ಕಾಯಂ ಕೆಲಸಗಾರರ ವಿಳಾಸಕ್ಕೆ ಇಂತಿಷ್ಟು ದಿನದಲ್ಲಿ ಹಾಜರಾಗಿ ಅಂತ ರಿಜಿಸ್ಟರ್ಡ್ ಕಾಗದ ಹೋಯಿತು. ಗಡುವು ಮುಗಿದ ಮೇಲೆ ಬಾರದವರ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆಯುವುದು ನನ್ನ ಟೇಬಲ್ಲಿಗೆ ಬಂತು.

ಮೂರನೇ ದಿನ ಕಾಕಾನ ಹೆಸರು ಬಂತು. ಕಾಗದ ಖೋಲಿಯ ವಿಳಾಸಕ್ಕೆ ಹೋಗಿ "ಊರಲ್ಲಿಲ್ಲ" ಅಂತ ವಾಪಸಾಗಿತ್ತು. ಅವರು ಊರಲ್ಲಿದ್ದಾರೆ ಅಂತ ನನಗೆ ಗೊತ್ತಿತ್ತು. ಒಂದು ತಂತಿ ಕಳಿಸಬಹುದಿತ್ತು, ಒಂದು ಕಾರ್ಡು ಬರೆಯಬಹುದಿತ್ತು. ಆ ಪುಸ್ತಕದ ಸುದ್ದಿ ಹೊರಗೆ ಹೋದರೆ ನನ್ನ ಕೆಲಸವೂ ಹೋಗುತ್ತದೆ ಎಂಬ ಹೆದರಿಕೆ. ಗೆರೆ ಎಳೆದೆ. ಕೈ ನಡುಗಿತು ಗಿಡುಗಿತು ಅಂತೆಲ್ಲ ಬರೆದರೆ ಸುಳ್ಳಾಗುತ್ತದೆ. ನೇರವಾಗಿಯೇ ಬಂತು ಗೆರೆ, ಸ್ಕೇಲು ಇಟ್ಟು ಎಳೆದದ್ದಲ್ಲವೇ.

ತಿಂಗಳು ಬಿಟ್ಟು ಕಾಕಾ ಬಂದರು. ಗೇಟಿನಲ್ಲಿ ಹೇಳಿದರಂತೆ, ಹೆಸರು ಹೋಗಿದೆ, ಬೇಕಿದ್ದರೆ ಹೊಸದಾಗಿ ಬದಲಿ ಅಂತ ನಿಲ್ಲಬಹುದು ಎಂದು. ನಲವತ್ತಮೂರು ವರ್ಷ ಅವರಿಗೆ. ಮರುದಿನದಿಂದ ಡಬ್ಬಿ ಹಿಡಿದು ಗೇಟಿನ ಮುಂದೆ ನಿಂತರು, 1960ರಲ್ಲಿ ನಿಂತಿದ್ದ ಜಾಗದಲ್ಲೇ. ನಾನು ಒಳಗಿನ ಕಿಟಕಿಯಿಂದ ನೋಡುತ್ತಿದ್ದೆ. ಖೋಲಿಯಲ್ಲಿ ರಾತ್ರಿ ಜೊತೆಗೆ ಕೂತು ಊಟ ಮಾಡುತ್ತಿದ್ದೆವು, ಒಂದು ಮಾತು ನಾನು ಆಡಲಿಲ್ಲ. 1984ರಲ್ಲಿ ಗಿರಣಿ ಬಿಟ್ಟೆ. ರಾತ್ರಿಶಾಲೆಯಲ್ಲಿ ಕಲಿತ ಲೆಕ್ಕಪತ್ರ ಕೈ ಹಿಡಿಯಿತು, ನಮ್ಮವರ ಹೋಟೆಲುಗಳ ಲೆಕ್ಕ ಬರೆಯುತ್ತಾ ಬರೆಯುತ್ತಾ ಬದುಕು ಕಟ್ಟಿಕೊಂಡೆ. ಕಾಕಾ ಇನ್ನೂ ಕೆಲವು ವರ್ಷ ಬದಲಿಯಾಗಿ ನಿಂತು ಊರಿಗೆ ಹೋದರು.

ಆ ಮುಷ್ಕರವನ್ನು ಹಿಂತೆಗೆದುಕೊಂಡೆವು ಅಂತ ಯಾರೂ ವಿಧಿವತ್ತಾಗಿ ಸಾರಲೇ ಇಲ್ಲ. ಅದು ಹಾಗೇ ಕರಗಿತು. ಒಂದು ಲಕ್ಷದಷ್ಟು ಜನ ಕೆಲಸ ಕಳೆದುಕೊಂಡರು ಎಂಬ ಅಂದಾಜಿದೆ. 1983ರಲ್ಲಿ ಸರಕಾರ 13 ಗಿರಣಿಗಳನ್ನು ವಹಿಸಿಕೊಂಡಿತು. ಸಾಮಂತರು 1984ರಲ್ಲಿ ಇಲ್ಲಿಂದಲೇ ಲೋಕಸಭೆಗೆ ಗೆದ್ದರು. ಸೋತವರೇ ಅವರನ್ನು ಗೆಲ್ಲಿಸಿದ್ದು, ಇದು ಯೋಚಿಸಬೇಕಾದ ಮಾತು. 1997ರ ಜನವರಿ 16ರಂದು ಪವಯಿಯಲ್ಲಿ ಮನೆಯ ಹತ್ತಿರವೇ ಅವರನ್ನು ಗುಂಡಿಟ್ಟು ಕೊಂದರು. 1991ರ ನಿಯಮದಂತೆ ಗಿರಣಿಯ ಜಾಗ ಮಾರಲು ಹೊರಟರೆ ಮೂರರಲ್ಲೊಂದು ಪಾಲು ಪಾಲಿಕೆಗೆ, ಒಂದು ಮನೆ ಕಟ್ಟಲು ಮ್ಹಾಡಾಕ್ಕೆ, ಒಂದು ಮಾಲಕನಿಗೆ ಆಗಬೇಕಿತ್ತು. 2001ರ ತಿದ್ದುಪಡಿಯಲ್ಲಿ ಅದು ಬರೀ ಖಾಲಿ ಜಾಗಕ್ಕೆ ಅಂತಾಯಿತು, 2006ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಚಿಮಣಿ ಇದ್ದಲ್ಲಿ ಈಗ ಮಾಲು, ಗಾಜಿನ ಆಫೀಸು.

ಗಿರಣಿ ಕೆಲಸಗಾರರಿಗೆ 225 ಚದರಡಿಯ ಮನೆ ಕೊಡುತ್ತಾರೆ, ಅರ್ಜಿ ಹಾಕಿ ಅಂತ ಸುದ್ದಿ ಬಂದದ್ದು 2010ರ ಆಸುಪಾಸಿನಲ್ಲಿ. 1982ರ ಜನವರಿ 1ರಂದು ಗಿರಣಿಯ ಪಟ್ಟಿಯಲ್ಲಿ ಇದ್ದವರಿಗೆ ಹಕ್ಕು. ಅಂದರೆ ಕೆಂಪು ಗೆರೆ ಬಿದ್ದವರಿಗೂ ಉಂಟು! ನಾನು ಆ ವಾರವೇ ಬೆಳಗಾವಿ ಬಸ್ಸು ಹತ್ತಿದೆ. ಕಾಕಾನಿಗೆ ಎಪ್ಪತ್ತಾಗಿತ್ತು, ಕಣ್ಣು ಮಂಜು. ಟಿಕೆಟ್ ನಂಬರು ಬಾಯಲ್ಲೇ ಇತ್ತು, ಕಾಗದ ಬೇಕಲ್ಲ? ಕಾಕು ಒಳಗಿಂದ ಒಂದು ತಗಡಿನ ಡಬ್ಬಿ ತಂದರು. ಇಎಸ್ಐ ಕಾರ್ಡು, 1979ರ ಎರಡು ಪಗಾರ ಚೀಟಿ. ಓದು ಬರಹ ಬಾರದ ಹೆಂಗಸು, ಅಕ್ಷರ ಇದ್ದದ್ದನ್ನು ಒಂದೂ ಬಿಸಾಡಿರಲಿಲ್ಲ.

ಅರ್ಜಿ ತುಂಬಿ ಮುಗಿದ ಮೇಲೆ ಗೆರೆಯ ವಿಷಯ ಹೇಳಿದೆ. ಇಪ್ಪತ್ತೇಳು ವರ್ಷದ ಮೇಲೆ. ಕಾಕಾ ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ, "ಗೆರಿ ನೀ ಎಳೀದಿದ್ರ ಮತ್ತೊಬ್ಬಾಂವ ಎಳೀತಿದ್ದ, ಅದಕ್ಕೇನೂ ಇಲ್ಲ ಬಿಡು. ಆದ್ರ ನನಗ ಹೇಳಬೇಕಾಗಿತ್ತು ತಮ್ಮಾ. ಹೆಸರ್ಯಾಕ ಹೋತು, ನಾ ಏನ್ ತಪ್ಪ ಮಾಡೇನಿ ಅಂತ ಇಷ್ಟ ವರ್ಷ ಒಬ್ಬಾಂವನ ವಿಚಾರ ಮಾಡೀನಿ" ಅಂದರು.

ಕಾಕಾ ಈಗಿಲ್ಲ. 2012ರಲ್ಲಿ ಮೊದಲ ದೊಡ್ಡ ಲಾಟರಿ ಆಯಿತು, ಆಮೇಲೆಯೂ ಆದವು. ಅರ್ಜಿ ಹಾಕಿದವರು ಲಕ್ಷಕ್ಕೂ ಮೀರಿ, ಮನೆಗಳು ಕೆಲವೇ ಸಾವಿರ. ಕಾಕಾನ ಮಗನಿಗೆ ಇನ್ನೂ ಬಂದಿಲ್ಲ. ಪ್ರತಿ ಲಾಟರಿಗೂ ನನಗೆ ಫೋನು ಮಾಡುತ್ತಾನೆ, ನಾನು ಪಟ್ಟಿ ನೋಡುತ್ತೇನೆ. ಹಾಜರಿ ಪುಸ್ತಕ ನೋಡುವ ಕಣ್ಣು ಇನ್ನೂ ಅದೇ ಕೆಲಸದಲ್ಲಿದೆ ಅನ್ನಿ.

ಮೊನ್ನೆ ಭಾನುವಾರ ಪುಣೆಗೆ ಹೋಗಿ ಬಂದೆ. ಅಕ್ಕನ ಮಗನಿಗೆ ಬುದ್ಧಿವಾದ ಹೇಳುವ ಯೋಗ್ಯತೆ ನನಗಿಲ್ಲ, ಇದೇ ಕಥೆ ಹೇಳಿದೆ. ಅವನ ಕಷ್ಟ ಕಾಕಾನ ಕಷ್ಟಕ್ಕಿಂತ ಸಣ್ಣದು ಅಂತ ಹೇಳಲಿಕ್ಕಲ್ಲ. ಒಂದು ಲೆಕ್ಕದಲ್ಲಿ ಅವನದ್ದೇ ಹೆಚ್ಚು. ಗಿರಣಗಾಂವದಲ್ಲಿ ಎರಡೂವರೆ ಲಕ್ಷ ಜನರ ಕೆಲಸ ಒಟ್ಟಿಗೆ ನಿಂತಿತ್ತು, ಯಾರಿಗೂ ಯಾರ ಮುಂದೆಯೂ ನಾಚಿಕೆ ಇರಲಿಲ್ಲ. ಮಾವಶಿ ಕೇಳದೆ ಊಟ ಹಾಕಿದಳು, ಮಾವ ಬೈದು ಚಾ ಕೊಟ್ಟರು, ಯಾಕೆಂದರೆ ಎಲ್ಲರಿಗೂ ಗೊತ್ತಿತ್ತು. ಈಗ ಮೇಲ್ ಒಬ್ಬೊಬ್ಬನಿಗೇ ಬರುತ್ತದೆ, ಅವನು ಅದನ್ನು ಒಬ್ಬನೇ ಚೀಲದಲ್ಲಿ ಹಾಕಿಕೊಂಡು ಊರು ಸುತ್ತುತ್ತಾನೆ. ನಾನೇನು ತಪ್ಪು ಮಾಡಿದೆ ಅಂತ ಕಾಕಾ ಕೇಳಿಕೊಂಡ ಹಾಗೆ ಕೇಳಿಕೊಳ್ಳುತ್ತಾನೆ. ಗೆರೆ ಎಳೆದವನ ಪುಸ್ತಕದಲ್ಲಿ ತಪ್ಪು ಅಂತ ಒಂದು ಕಲಮೇ ಇರಲಿಲ್ಲ. ಅದು ಮಾತ್ರ ನನಗೆ ಚೆನ್ನಾಗಿ ಗೊತ್ತು.

ನಾಲ್ಕು ಮಾತು ಹೇಳಿದೆ. ಕಾಗದ ಪತ್ರ ಒಂದೂ ಬಿಸಾಡಬೇಡ, ಪಿಎಫ್, ಗ್ರಾಚ್ಯುಯಿಟಿ ನಿನ್ನದೇ ದುಡ್ಡು, ಕೇಳಿ ತಗೋ. ಗೇಟು ಮತ್ತೆ ತೆರೆಯುತ್ತದೆ ಅಂತ ಕಾಯುತ್ತಾ ಕೂರಬೇಡ. ಸಿಕ್ಕಿದ ಕೆಲಸ ಸಣ್ಣದಾದರೆ ನಾಚಬೇಡ. ಎಲ್ಲಕ್ಕಿಂತ ಮೊದಲು ಮನೆಯಲ್ಲಿ ಹೇಳು.

ಅವನು ಅವತ್ತೇ ಹೆಂಡತಿಗೆ ಹೇಳಿದನಂತೆ. "ಏನಂದಳು?" ಅಂತ ಫೋನಿನಲ್ಲಿ ಕೇಳಿದೆ. "ಹತ್ತು ದಿನ ಡಬ್ಬಿ ಕಟ್ಟಿಸಿಕೊಂಡು ಎಲ್ಲಿ ತಿಂದೆ ಅಂತ ಬೈದಳು ಮಾವ" ಅಂದ. ಬೈಯಲಿ. ನಮ್ಮ ಮಾವನೂ ಬೈಯುತ್ತಲೇ ಚಾ ಕೊಟ್ಟದ್ದು.

ನಿಮ್ಮಲ್ಲಿ ಯಾರಾದರೂ ಗಿರಣಗಾಂವದಲ್ಲಿ ಇದ್ದವರಿದ್ದರೆ, ನಿಮ್ಮ ಅಪ್ಪನೋ ಚಿಕ್ಕಪ್ಪನೋ ಅಲ್ಲಿ ದುಡಿದಿದ್ದರೆ, ಮನೆಯ ಹಳೇ ಡಬ್ಬಿಯನ್ನೊಮ್ಮೆ ತೆರೆದು ನೋಡಿ. ಏನಾದರೂ ಸಿಕ್ಕೀತು.

ಮತ್ತೆ ಸಿಗೋಣ.